ಹಕ್ಕಿಗಳ ಸಭೆಯಲ್ಲಿ ಯಾರು ಎಲ್ಲಿ ಕೂತಿದ್ದರು?

ಫೆಬ್ರವರಿ 14 ಹತ್ತಿರ ಬಂತೆಂದರೆ ನಮ್ಮಲ್ಲಿ ಎರಡು ದನಿ ಏಳುತ್ತವೆ. ‘ಇದು ಪರದೇಶದ ಹಬ್ಬ, ನಮ್ಮ ಸಂಸ್ಕೃತಿಗೆ ಮೈಲಿಗೆ’ ಅನ್ನುವುದು ಒಂದು. ‘ಇದು ಪ್ರೀತಿಯ ಹಬ್ಬ, ಪ್ರೀತಿಗೆ ಜಾತಿಯಿಲ್ಲ’ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ. ಎರಡನೆಯದು ನಮ್ಮವರ ಬಾಯಲ್ಲೂ ಇದೆ. ಅದನ್ನೇ ಕೊಂಚ ಕೆದಕಬೇಕು. ಕೇರಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಹೇಳಿದ: ‘ಗುಲಾಬಿ ಕೊಡೋಕೆ ಧೈರ್ಯ ಐತೆ ಸಾರ್. ಅವಳು ತಗೊಂಡುಬಿಟ್ರೆ ಮುಂದೇನು ಅನ್ನೋದೇ ಭಯ.’

ಚರಿತ್ರೆ ನೋಡೋಣ. ವ್ಯಾಲೆಂಟೈನ್ ಹೆಸರಿನ ಕ್ರೈಸ್ತ ಹುತಾತ್ಮರು ಒಬ್ಬರಲ್ಲ. ಚಕ್ರವರ್ತಿಯ ಆಜ್ಞೆ ಮೀರಿ ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿಯ ಕತೆ ಎಷ್ಟೋ ಶತಮಾನಗಳ ನಂತರ ಕಟ್ಟಿದ್ದು. ರೋಮನ್ನರ ಲುಪರ್ಕೇಲಿಯಾ ಹಬ್ಬವೇ ಇದಾಯಿತು ಅನ್ನುವುದಕ್ಕೂ ಗಟ್ಟಿ ಪುರಾವೆಯಿಲ್ಲ. 1969ರಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಸಾರ್ವತ್ರಿಕ ಪಂಚಾಂಗದಿಂದ ಈ ಸಂತನ ದಿನವನ್ನೇ ಕೈಬಿಟ್ಟಿತು.

ಈ ದಿನಕ್ಕೂ ಪ್ರೇಮಕ್ಕೂ ಗಂಟು ಬಿದ್ದದ್ದಕ್ಕೆ ಸಿಗುವ ಮೊದಮೊದಲ ಸಾಕ್ಷ್ಯಗಳಲ್ಲಿ ಒಂದು, 14ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ‘ಪಾರ್ಲಿಮೆಂಟ್ ಆಫ್ ಫೌಲ್ಸ್’. ವ್ಯಾಲೆಂಟೈನ್ ದಿನ ಹಕ್ಕಿಗಳು ಜೋಡಿ ಆರಿಸಿಕೊಳ್ಳಲು ಸಭೆ ಸೇರುತ್ತವೆ. ಕೂರುವ ಕ್ರಮ ನೋಡಿ: ಬೇಟೆಯ ಹಕ್ಕಿಗಳು ಎಲ್ಲಕ್ಕಿಂತ ಮೇಲೆ, ನೀರುಹಕ್ಕಿಗಳು ಎಲ್ಲಕ್ಕಿಂತ ಕೆಳಗೆ ತಗ್ಗಿನಲ್ಲಿ. ಒಂದು ಹೆಣ್ಣು ಹದ್ದಿಗಾಗಿ ಮೂರು ಗಂಡು ಹದ್ದುಗಳು ಹೊತ್ತು ಮುಳುಗುವವರೆಗೂ ವಾದ ಮಾಡುತ್ತವೆ, ಉಳಿದವು ಕಾಯಬೇಕು. ಹೆಬ್ಬಾತು, ಬಾತುಕೋಳಿ ಬಾಯಿ ತೆರೆದರೆ ಮೇಲಿನವರ ನಗೆ, ಬೈಗುಳ. ಕೀಳಿಗೆ ಪ್ರೇಮವೆಂದರೆ ಏನು ಗೊತ್ತು ಅನ್ನುವ ಧಾಟಿ! ಕೊನೆಗೆ ಎಲ್ಲಕ್ಕೂ ಅವವುಗಳ ಕುಲದೊಳಗೇ ಜೋಡಿ. ಬಾತುಕೋಳಿಯನ್ನು ಹದ್ದು ಮೆಚ್ಚುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆದರೂ ಒಂದು ಮಾತನ್ನು ಬಿಡಬಾರದು: ಆ ಹೆಣ್ಣು ಹದ್ದು ಒಂದು ವರ್ಷ ಗಡುವು ಕೇಳುತ್ತದೆ, ಅದಕ್ಕೆ ಗಡುವು ಸಿಗುತ್ತದೆ. ‘ಈಗಲ್ಲ’ ಅನ್ನುವ ಹಕ್ಕು ಅದಕ್ಕಿದೆ.

ಮುಂದೆ ಹಬ್ಬ ಮಾರುಕಟ್ಟೆಗೆ ಬಂತು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂದಮೇಲೆ ಪ್ರೇಮಪತ್ರ ಅಗ್ಗವಾಯಿತು. 1840ರ ದಶಕದ ಕೊನೆಗೆ ಅಮೆರಿಕದಲ್ಲಿ ಎಸ್ತರ್ ಹೌಲೆಂಡ್ ಹೆಂಗಸರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ ಕಾರ್ಡು ಮಾಡಿಸಿದರು. ನಮ್ಮ ಪೇಟೆಗಳಲ್ಲಿ ಇದು ಹರಡಿದ್ದು 1991ರ ಉದಾರೀಕರಣದ ನಂತರ. ಅದರ ಹಿಂದೆಯೇ ಸಂಸ್ಕೃತಿಯ ಕಾವಲುಗಾರರೂ ಬಂದರು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳ ಮೇಲೆ ಹಲ್ಲೆಯಾಯಿತು. 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಅದೇ ದಿನ ಹಸುವನ್ನು ಅಪ್ಪಿಕೊಳ್ಳಿ ಅಂದು, ಆಮೇಲೆ ಕರೆಯನ್ನು ಹಿಂತೆಗೆದುಕೊಂಡಿತು. ಹಸುವನ್ನು ಅಪ್ಪಬಹುದು, ಪಕ್ಕದ ಕೇರಿಯ ಮನುಷ್ಯನನ್ನು?

ಈ ಕಾವಲಿನ ಗುಟ್ಟನ್ನು ಅಂಬೇಡ್ಕರ್ 1916ರಲ್ಲೇ ಬಿಡಿಸಿಟ್ಟಿದ್ದರು: ಒಳಮದುವೆಯೇ ಜಾತಿಯ ಜೀವಾಳ, ಅದು ಉಳಿಯಬೇಕಾದರೆ ಹೆಣ್ಣಿನ ಮೇಲೆ ಕಾವಲಿರಬೇಕು. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು 1936ರಲ್ಲಿ ಬರೆದರು. ಆ ಮದ್ದು ನಿಲ್ಲಬೇಕಾದರೆ ಶಾಸ್ತ್ರದ ಪಾವಿತ್ರ್ಯ ಹೋಗಬೇಕೆಂದೂ ಸೇರಿಸಿದರು. 1954ರ ವಿಶೇಷ ವಿವಾಹ ಕಾಯ್ದೆ ದಾರಿ ತೆರೆಯಿತು, ಜೊತೆಗೇ ಮೂವತ್ತು ದಿನದ ನೋಟೀಸನ್ನೂ ಇಟ್ಟಿತು. ಓಡಿಬಂದ ಜೋಡಿಗೆ ಆ ಮೂವತ್ತು ದಿನ ಎಷ್ಟು ಉದ್ದ ಅನ್ನುವುದು ಬಲ್ಲವರಿಗೆ ಗೊತ್ತು.

ನಮಗೆ ಕಲ್ಯಾಣದ ನೆನಪೂ ಇದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಇಬ್ಬರು ತಂದೆಯರನ್ನೂ ಕೊಂದರು ಎನ್ನುತ್ತದೆ ಪರಂಪರೆ. ನಾವು ಆ ತಂದೆಯರನ್ನು ನೆನೆಯುತ್ತೇವೆ. ಹುಡುಗಿಯ ಹೆಸರು ಮಾತ್ರ ಒಂದೊಂದು ಕತೆಯಲ್ಲಿ ಒಂದೊಂದು. ಅವಳ ಮನಸ್ಸಿನಲ್ಲಿ ಏನಿತ್ತೋ, ನಾವೂ ಕೇಳಲಿಲ್ಲ.

ಹಾಗಾಗಿ ಈ ದಿನವನ್ನು ಸುಡುವುದೂ ಬೇಡ, ತಲೆಯ ಮೇಲೆ ಹೊರುವುದೂ ಬೇಡ. ನನ್ನ ವಿದ್ಯಾರ್ಥಿಗೆ ಬೇಕಾಗಿರುವುದು ಕಾರ್ಡಲ್ಲ. ಅವಳು ಗುಲಾಬಿ ತಗೊಂಡ ಮಾರನೆಯ ದಿನ ಇಬ್ಬರ ಜೊತೆ ರಿಜಿಸ್ಟ್ರಾರ್ ಕಚೇರಿಗೆ ನಡೆದು ಸಾಕ್ಷಿ ಹಾಕುವ ಮೂರು ಜನ. ಫೆಬ್ರವರಿ 15ಕ್ಕೆ ನಾವು ಎಲ್ಲಿರುತ್ತೇವೆ?