ಕೋವಿಯ ಬಲವೂ ಮದ್ದಿನ ಬಲವೂ

ತೋಟಾವು ಕೋವಿಯೊಳಗೆ ಸರಾಗವಾಗಿ ಕೂತಿತೆಂದ ಮಾತ್ರಕ್ಕೆ ಅದು ಆ ಕೋವಿಗೆ ತಕ್ಕುದೆಂದು ಭಾವಿಸುವುದು ಅಪಾಯಕರವಾದ ಭ್ರಮೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೇನೆಯ ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವೊಂದುಂಟು.

ಆ ಸೇನೆಯು 1892ರಲ್ಲಿ, ನಾರ್ವೆ ದೇಶದ ಕ್ರಾಗ್ ಮತ್ತು ಯೋರ್ಗೆನ್‌ಸೆನ್ ಎಂಬಿಬ್ಬರು ರಚಿಸಿದ ರೈಫಲನ್ನು ಅಂಗೀಕರಿಸಿತು. ಅದರ ಗುಂಡು ಸೆಕೆಂಡಿಗೆ ಸುಮಾರು 2,000 ಅಡಿಗಳ ವೇಗದಿಂದ ಹೊರಡುತ್ತಿತ್ತು. 1898ರಲ್ಲಿ ಕ್ಯೂಬಾದ್ವೀಪದಲ್ಲಿ ಸ್ಪೇನಿನವರೊಡನೆ ಯುದ್ಧವೊದಗಲು, ಶತ್ರುಗಳ 7 ಮಿಲಿಮೀಟರ್ ಮೌಸರ್ ರೈಫಲುಗಳ ಗುಂಡು ಇದಕ್ಕಿಂತ ವೇಗವುಳ್ಳದ್ದೆಂಬುದು ಅನುಭವಕ್ಕೆ ಬಂದಿತು. ಈ ಕೊರತೆಯನ್ನು ನೀಗಲೆಂದು 1899ರಲ್ಲಿ ಅಧಿಕಾರಿಗಳು ಅದೇ ಆಕಾರದ ತೋಟಾದಲ್ಲಿ ಮದ್ದಿನ ಬಲವನ್ನು ಹೆಚ್ಚಿಸಿ, ವೇಗವನ್ನು 2,200 ಅಡಿಗಳಿಗೇರಿಸಿದರು.

ವೇಗದಲ್ಲಿ ಹೆಚ್ಚಿದುದು ಹತ್ತರಲ್ಲೊಂದು ಪಾಲು ಮಾತ್ರ. ಆದರೆ ಚಲನಶಕ್ತಿಯು ವೇಗದ ವರ್ಗವನ್ನನುಸರಿಸುವುದಷ್ಟೆ. ಆದಕಾರಣ ಗುಂಡಿನ ಶಕ್ತಿಯು ಐದರಲ್ಲೊಂದು ಪಾಲಿಗಿಂತಲೂ ಅಧಿಕವಾಗಿ ಬೆಳೆಯಿತು. ಆ ಶಕ್ತಿಯನ್ನು ಕೊಡುವ ಅನಿಲವು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ತೋಟಾದ ಬುಡವನ್ನು ಹಿಂದಕ್ಕೂ ಒತ್ತುವುದು. ಅದನ್ನು ತಡೆಯತಕ್ಕದ್ದು ಬೋಲ್ಟು, ಎಂದರೆ ಕೋವಿಯ ಅಗುಳಿ. ಮೌಸರಿನ ಅಗುಳಿಗೆ ಮುಂತುದಿಯಲ್ಲಿ ಎರಡು ಹಲ್ಲುಗಳ ಆಧಾರವಿದ್ದರೆ, ಕ್ರಾಗಿನಲ್ಲಿ ಭಾರವು ಒಂದೇ ಹಲ್ಲಿನ ಮೇಲೆ ಬೀಳುತ್ತಿತ್ತು. ಹೊಸ ತೋಟಾಗಳನ್ನು ಹಂಚಿದ ಮೇಲೆ ಆ ಹಲ್ಲು ಬಿರುಕುಬಿಡುತ್ತಿರುವ ವರದಿಗಳು ಬರತೊಡಗಿದವು. ಅಗುಳಿಯ ಹಿಂದಿರುವುದು ಗುರಿಯಿಡುವವನ ಮುಖವೆಂಬುದನ್ನು ನೆನೆದರೆ ಅಪಾಯದ ಸ್ವರೂಪವು ವಿಶದವಾಗುವುದು. ಕಡೆಗೆ 1900ರಲ್ಲಿ ಸುಮಾರು 35 ಲಕ್ಷ ತೋಟಾಗಳನ್ನು ಹಿಂದಕ್ಕೆ ತರಿಸಿ, ಬಿಚ್ಚಿ, ಮೊದಲಿನ ಪ್ರಮಾಣಕ್ಕೇ ಮರಳಿ ತುಂಬಬೇಕಾಯಿತು. 1903ರಲ್ಲಿ ಆ ಸೇನೆಯು ಮೌಸರಿನ ರೀತಿಯ ಅಗುಳಿಯುಳ್ಳ ಬೇರೆ ರೈಫಲನ್ನೇ ಸ್ವೀಕರಿಸಿತು.

ಇದಕ್ಕೆ ಪ್ರತಿಯಾದ ಮಾರ್ಗವನ್ನು ನಮ್ಮ ದೇಶದಲ್ಲಿಯೇ ಕಾಣಬಹುದು. 1962ರ ಚೀನಾ ಯುದ್ಧದ ತರುವಾಯ, ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆಯವರು ಹಳೆಯ ಲೀ-ಎನ್‌ಫೀಲ್ಡ್ ಮಾದರಿಯನ್ನು 7.62 ಮಿಲಿಮೀಟರ್ ತೋಟಾಕ್ಕೆ ಒಗ್ಗಿಸಹೊರಟರು. ಈ ತೋಟಾದ ಒತ್ತಡವು ಹಿಂದಿನದಕ್ಕಿಂತ ಅಧಿಕವಾದುದರಿಂದ, ಅವರು ಕೋವಿಯ ಉಕ್ಕನ್ನು ಬಲಪಡಿಸಿದರು. ಮೊದಲಿನವರು ಮದ್ದನ್ನು ಮಾತ್ರ ಚಿಂತಿಸಿದರು. ಇವರು ಮದ್ದನ್ನು ಧರಿಸುವ ಪಾತ್ರವನ್ನೂ ಚಿಂತಿಸಿದರು.

ಕೊಡಗು ಮಲೆನಾಡುಗಳಲ್ಲಿ ಹಿರಿಯರ ಕೋವಿಯನ್ನು ಕಾಪಾಡಿಕೊಂಡಿರುವ ಮನೆಗಳು ಇಂದಿಗೂ ಉಂಟು. ಅಂಥವರು ಕೋವಿಯ ಮೇಲಣ ಮುದ್ರೆಯನ್ನು ತೋಟಾದ ಮುದ್ರೆಯೊಡನೆ ತಾಳೆನೋಡುವುದು ಅವಶ್ಯಕ. ಆದರೆ ಅಷ್ಟೇ ಸಾಲದು. ಕ್ರಾಗಿನ ಸಿಪಾಯಿಗಳ ಕೈಗೆ ಬಂದುದೂ ಆಕಾರದಲ್ಲಿ ತಕ್ಕ ತೋಟಾವೇ ಅಲ್ಲವೆ? ಆದುದರಿಂದ ಹಳೆಯ ಕೋವಿಗೆ ಹೊಸ ತೋಟಾವನ್ನು ಹಾಕುವ ಮುನ್ನ, ಆ ಉಕ್ಕು ಎಷ್ಟು ಒತ್ತಡವನ್ನು ತಾಳಬಲ್ಲುದೆಂಬುದನ್ನು ಬಲ್ಲ ಕುಶಲನಿಂದ ಪರೀಕ್ಷೆ ಮಾಡಿಸತಕ್ಕದ್ದು.