ಅಮೆರಿಕದ ಗಣಿ ಬ್ಯೂರೋ: ಒಂದು ಕಡಿತದ ಚರಿತ್ರೆ

1907ರ ಡಿಸೆಂಬರ್ 6ರಂದು ಪಶ್ಚಿಮ ವರ್ಜೀನಿಯದ ಮೊನೊಂಗಾ ಕಲ್ಲಿದ್ದಲ ಗಣಿಯ ಸ್ಫೋಟಕ್ಕೆ, ಸರ್ಕಾರಿ ಲೆಕ್ಕದಂತೆಯೇ, 362 ಮಂದಿ ಬಲಿಯಾದರು. 1910ರಲ್ಲಿ ಅಮೆರಿಕದ ಗಣಿ ಬ್ಯೂರೋ ಸ್ಥಾಪಿತವಾದುದು ಇಂತಹ ದುರಂತಗಳ ಫಲವಾಗಿ. ಅನಿಲವಿಲ್ಲದೆ ಬರಿಯ ಕಲ್ಲಿದ್ದಲ ಧೂಳು ಸಿಡಿಯಲಾರದೆಂದು ಅಂದು ಅನೇಕರು ನಂಬಿದ್ದರು. ಬ್ಯೂರೋ ಪಿಟ್ಸ್‌ಬರ್ಗ್ ಸಮೀಪದ ಬ್ರೂಸ್‌ಟನ್ನಿನಲ್ಲಿ ಪ್ರಯೋಗಾರ್ಥವಾಗಿಯೇ ಒಂದು ಗಣಿಯನ್ನು ತೋಡಿಸಿ, 1911ರಲ್ಲಿ ಧೂಳನ್ನು ಸಾರ್ವಜನಿಕರೆದುರಿಗೇ ಸ್ಫೋಟಿಸಿ ತೋರಿಸಿತು. ಸುಣ್ಣಕಲ್ಲಿನ ಪುಡಿಯನ್ನು ಸಾಕಷ್ಟು ಬೆರಸಿದರೆ ಜ್ವಾಲೆ ಹಬ್ಬದೆಂಬುದೂ ಅಲ್ಲಿಯ ಪ್ರಯೋಗಗಳಿಂದ ದೃಢಪಟ್ಟಿತು.

1973ರಲ್ಲಿ ತಪಾಸಣೆಯ ಅಧಿಕಾರ ಬೇರೆ ಸಂಸ್ಥೆಗೆ ಹೋದ ಮೇಲೆ ಬ್ಯೂರೋದಲ್ಲಿ ಉಳಿದುದು ಮುಖ್ಯವಾಗಿ ಸಂಶೋಧನೆ. ಆಯವ್ಯಯವನ್ನು ಕಡಿಯುವವರಿಗೆ ಇಂತಹ ಸಂಸ್ಥೆ ಸುಲಭವಾದ ಗುರಿ. ಆಗದೆ ಉಳಿದ ಸ್ಫೋಟಗಳಿಗೆ ಲೆಕ್ಕಪುಸ್ತಕದಲ್ಲಿ ಅಂಕಣವಿಲ್ಲವಷ್ಟೆ! 1995ರಲ್ಲಿ ಅದನ್ನು ಮುಚ್ಚಲು ಕಾಂಗ್ರೆಸ್ ನಿರ್ಣಯಿಸಿತು. 1996ರ ವೇಳೆಗೆ ಸುಮಾರು ಸಾವಿರ ಮಂದಿ ಹುದ್ದೆ ಕಳೆದುಕೊಂಡರು. ಸುರಕ್ಷತಾ ಸಂಶೋಧನೆ ಮಾತ್ರ, ಪಿಟ್ಸ್‌ಬರ್ಗ್ ಮತ್ತು ಸ್ಪೋಕೇನ್ ಪ್ರಯೋಗಾಲಯಗಳೊಡನೆ, ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯದ ರಾಷ್ಟ್ರೀಯ ಸಂಸ್ಥೆಗೆ ವರ್ಗವಾಗಿ ಬದುಕಿತು.

2010ರಲ್ಲಿ ಅದೇ ಪಶ್ಚಿಮ ವರ್ಜೀನಿಯದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಮಂದಿ ಮಡಿದರು. ಈ ಸಾವುಗಳನ್ನು ಹಿಂದಿನ ಕಡಿತದ ಮೇಲೆ ಹೊರಿಸುವುದು ನ್ಯಾಯವಲ್ಲ. ತಿಳಿದಿದ್ದ ಕ್ರಮವನ್ನೇ, ಎಂದರೆ ಸುಣ್ಣಕಲ್ಲಿನ ಪುಡಿಯ ಲೇಪವನ್ನೇ, ಅಲ್ಲಿ ಅಲಕ್ಷಿಸಲಾಗಿತ್ತು. ಆದರೆ 2011ರ ನಿಯಮವು ಧೂಳಿನಲ್ಲಿ ಉರಿಯದ ಅಂಶ ಶೇಕಡ 80 ಇರಬೇಕೆಂದು ವಿಧಿಸಿದಾಗ ಆಧಾರವಾದುದು ಹಾಗೆ ಬದುಕಿ ಉಳಿದ ಸಂಶೋಧನೆಯೇ. 2025ರ ಏಪ್ರಿಲ್‌ನಲ್ಲಿ ಆ ಎರಡು ಪ್ರಯೋಗಾಲಯಗಳ ಬಹುಮಂದಿ ನೌಕರರಿಗೂ ವಜಾಸೂಚನೆ ಹೋಯಿತು.