‘ಕಲಾ ಇತಿಹಾಸ ಓದಿದ್ರೆ ಮನೇಲಿ ಕೂರಬೇಕು’: ಈ ಫಾರ್ವರ್ಡ್ ಎಷ್ಟು ನಿಜ?

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ‘ಈ ಕೋರ್ಸ್‌ಗಳಿಗೆ ಸೇರಲೇಬೇಡಿ’ ಎಂಬ ಪಟ್ಟಿಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡಲು ಶುರುವಾಗುತ್ತವೆ. ಅಂಥ ಪಟ್ಟಿಗಳಲ್ಲಿ ಆರ್ಟ್ ಹಿಸ್ಟರಿಗೆ ಒಂದು ಜಾಗ ಇದ್ದೇ ಇರುತ್ತದೆ. ಹಳೇ ಚಿತ್ರ ನೋಡೋದು, ಇಸವಿ ಬಾಯಿಪಾಠ ಮಾಡೋದು, ಆಮೇಲೆ ಮನೇಲಿ ಕೂರೋದು ಎಂಬುದು ಅಲ್ಲಿ ಕೊಡುವ ಕಾರಣ. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿಗೇ ಹೆಸರಾದ ದಾವಣಗೆರೆಯಂಥ ಊರಿನಲ್ಲಿ ಇದನ್ನು ಯಾರೂ ಎರಡನೇ ಸಲ ಪ್ರಶ್ನಿಸುವುದಿಲ್ಲ. ಇದರಲ್ಲಿ ಎಷ್ಟು ನಿಜ, ಎಷ್ಟು ಗಾಳಿಮಾತು ಎಂದು ನಾವು ನೋಡಿದೆವು.

ಮೊದಲ ಗೊಂದಲ ಇರುವುದು ಹೆಸರಿನಲ್ಲೇ. ನಮ್ಮಲ್ಲಿ ‘ಆರ್ಟ್ಸ್’ ಅಂದರೆ ಬಿಎ. ಹಾಗಾಗಿ ‘ಕಲಾ ಇತಿಹಾಸ’ ಅಂದ ಕೂಡಲೇ ‘ಆರ್ಟ್ಸ್‌ನಲ್ಲಿ ಹಿಸ್ಟರಿ ತಗೊಂಡಿದ್ದಾಳೆ’ ಎಂದು ಮನೆಯವರು ತಿಳಿಯುತ್ತಾರೆ. ಇನ್ನು ಕೆಲವರು ಡ್ರಾಯಿಂಗ್ ಮೇಷ್ಟ್ರಾಗುವ ಕೋರ್ಸ್ ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಒಂದು ಶಿಲ್ಪ, ಚಿತ್ರ ಅಥವಾ ಕಟ್ಟಡವನ್ನು ಯಾರು, ಯಾವಾಗ, ಯಾರ ದುಡ್ಡಿನಲ್ಲಿ, ಯಾವ ಕಲ್ಲಿನಲ್ಲಿ ಮಾಡಿದರು, ಆಮೇಲೆ ಅದರಲ್ಲಿ ಏನೇನು ಬದಲಾಯಿತು ಎಂಬುದನ್ನು ಸಾಕ್ಷಿ ಇಟ್ಟು ಹೇಳುವ ವಿದ್ಯೆ ಕಲಾ ಇತಿಹಾಸ. ಇಸವಿ ಬೇಕೇ ಬೇಕು, ಆದರೆ ಆ ಇಸವಿ ಎಲ್ಲಿಂದ ಬಂತು ಎಂದು ತೋರಿಸುವುದೇ ಇಲ್ಲಿ ಮುಖ್ಯ ಕೆಲಸ.

ಹರಿಹರದಲ್ಲೇ ನೋಡಬಹುದು

ಉದಾಹರಣೆಗೆ ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಕರ್ನಾಟಕದ ಯಾವ ಹಳೇ ಗುಡಿಯ ಫೋಟೊ ಬಂದರೂ ಕೆಳಗೆ ‘ಸಾವಿರಾರು ವರ್ಷ ಹಳೆಯದು, ಅಮರಶಿಲ್ಪಿ ಜಕಣಾಚಾರಿ ಕೆತ್ತಿದ್ದು’ ಎಂದು ಬರೆಯುವ ರೂಢಿ ಇದೆ. ಹರಿಹರಕ್ಕೆ ಇದು ಹೊಂದುತ್ತದೆಯೇ?

ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಈ ಗುಡಿಯನ್ನು ಕಟ್ಟಿಸಿದ. ಇದು ದಂತಕಥೆಯಲ್ಲ, ಶಾಸನದ ಮಾತು. ಹರಿಹರದ ಶಾಸನಗಳನ್ನು ಬಿ.ಎಲ್. ರೈಸ್ 1903ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಆಗ ಈ ಭಾಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಈ ಗುಡಿಗೆ ಇನ್ನಷ್ಟು ಸೇರಿಸಿದ. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದ ಸೋಮನೂ ಇವನೇ. ಅಂದರೆ ಗುಡಿಗೆ ಎಂಟುನೂರು ವರ್ಷ. ‘ಸಾವಿರಾರು’ ಅಲ್ಲ.

ಈಗ ಜಕಣಾಚಾರಿ. ಜನಪದ ಕಥೆ ಅವನನ್ನು ಬೇಲೂರು ಮತ್ತು ಕೈದಾಳಕ್ಕೆ ಸೇರಿಸುತ್ತದೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಅಲ್ಲಿಂದ ಹರಿಹರಕ್ಕೆ 107 ವರ್ಷ. ಲೆಕ್ಕ ಅಲ್ಲೇ ಬಿದ್ದುಹೋಗುತ್ತದೆ. ಬೇಲೂರಿನ ಶಿಲ್ಪಗಳ ಕೆಳಗೆ ಶಿಲ್ಪಿಗಳೇ ಕೆತ್ತಿಕೊಂಡ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ಸಿಗುತ್ತಾರೆ, ಜಕಣಾಚಾರಿ ಸಿಗುವುದಿಲ್ಲ. ಹೊಯ್ಸಳರ ಕಾಲದಲ್ಲಿ ಹೆಚ್ಚು ಸಲ ಸಹಿ ಬಿಟ್ಟುಹೋದವನು ಮಲ್ಲಿತಮ್ಮ. 1196ರ ಅಮೃತಾಪುರದಲ್ಲೂ 1268ರ ಸೋಮನಾಥಪುರದಲ್ಲೂ ಅವನ ಹೆಸರಿದೆ. ನಡುವೆ 72 ವರ್ಷ! ಒಬ್ಬನೇ ಮನುಷ್ಯನೇ, ಒಂದೇ ಹೆಸರಿನ ಇಬ್ಬರೇ? ಕೆತ್ತನೆಯ ಕೈಯನ್ನು ಹೋಲಿಸಿ ನೋಡದೆ ಉತ್ತರ ಹೇಳಲಾಗದು. ಕಲಾ ಇತಿಹಾಸದ ವಿದ್ಯಾರ್ಥಿಯ ನಿಜವಾದ ಹೋಂವರ್ಕ್ ಇಂಥದ್ದು.

ಗುಡಿಯೊಳಗೆ ಕಣ್ಣಿಗೂ ಕೆಲಸವಿದೆ. ಮಂಟಪದ ಸುತ್ತ ಎದೆಮಟ್ಟದ ಗೋಡೆ, ಅದರ ಮೇಲೆ ತಿರುಗಣೆಯಲ್ಲಿ ಕಡೆದಂತಹ ಗಿಡ್ಡ ಕಂಬಗಳು, ಒಳಗಡೆ ಪೂರ್ತಿ ಎತ್ತರದ ಕಂಬಗಳು, ಚಾವಣಿಯಲ್ಲಿ ಕಮಲಗಳು. ಬೇಲೂರು, ಹಳೇಬೀಡಿನ ಹೊರಗೋಡೆಯ ತುಂಬಾ ಕಾಣುವ ಶಿಲ್ಪಸಾಲು ಇಲ್ಲಿಲ್ಲ. ‘ಹೊಯ್ಸಳ ಅಂದಮೇಲೆ ಹಾಗೇ ಇರಬೇಕು’ ಎಂದುಕೊಂಡು ಬಂದವರಿಗೆ ಸಪ್ಪೆ ಅನ್ನಿಸಬಹುದು. ನಮಗೆ ಇದೇ ಇದರ ಸ್ವಾರಸ್ಯ ಅನ್ನಿಸುತ್ತದೆ. ಹರಪನಹಳ್ಳಿ ಕಡೆಯ ಬಾಗಳಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳ ಮಂಟಪ ನೋಡಿ ಬಂದರೆ ಈ ಸೀಮೆಯ ಕಟ್ಟುವ ರೂಢಿ ಏನೆಂದು ತಿಳಿಯುತ್ತದೆ. ಗರ್ಭಗುಡಿಯ ಮೇಲಿನ ಇಟ್ಟಿಗೆ ಗಾರೆಯ ಶಿಖರವಂತೂ ಹೊಯ್ಸಳರದ್ದಲ್ಲ, ಮೂಲ ಶಿಖರ ಹೋದ ಮೇಲೆ ಬಂದದ್ದು.

ಒಂದು ಚಿಕ್ಕ ಉಪಯೋಗವನ್ನೂ ಹೇಳಿಬಿಡುತ್ತೇವೆ. ಹರಿಹರ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಎದುರು ನಿಂತ ನಮಗೆ ಶಿವ ಎಡಕ್ಕೆ ಕಾಣಬೇಕು. ಶಿವ ಬಲಕ್ಕೆ ಕಾಣುವ ಫೋಟೊ ಬಂದರೆ ಅದು ಕನ್ನಡಿಯಂತೆ ತಿರುಗಿದೆಯೇ ಎಂದು ಮೊದಲು ನೋಡಿ. ಹಾಗೆಯೇ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರದವು. ಹರಿಹರ ಅದರಲ್ಲಿಲ್ಲ.

ಹಾಗಾದರೆ ಓದುವುದು ಎಲ್ಲಿ?

ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. 1964ರಲ್ಲಿ ಶುರುವಾದದ್ದು, ಈಗ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜು. ಅಲ್ಲಿನ ಬಿವಿಎ ಹೆಸರಾಗಿರುವುದು ಚಿತ್ರಕಲೆ, ಅನ್ವಯಕಲೆ, ಶಿಲ್ಪಕಲೆಗೆ. ಕಲಾ ಇತಿಹಾಸ ಇವುಗಳ ಜೊತೆ ಓದುವ ಥಿಯರಿ ವಿಷಯ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ‘ಆರ್ಟ್ ಹಿಸ್ಟರಿ ಇದೆ’ ಎಂಬ ಮಾತು ನಂಬಿ ಸೇರಿದರೆ ನಾಲ್ಕು ವರ್ಷದ ಬಹುಪಾಲು ಸ್ಟುಡಿಯೊದಲ್ಲೇ ಕಳೆಯುತ್ತದೆ. ಚಿತ್ರ ಬರೆಯುವ ಆಸೆ ಇದ್ದವರಿಗೆ ಅದು ವರ. ಬರೀ ಓದಿ ಬರೆಯುವ ಆಸೆ ಇದ್ದವರಿಗೆ ತಲೆನೋವು.

ಪದವಿಯಲ್ಲೇ ಅದು ಮುಖ್ಯ ವಿಷಯವಾಗಿ ಬೇಕು ಎಂದರೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಫೈನ್ ಆರ್ಟ್ಸ್ ವಿಭಾಗ, ಶಾಂತಿನಿಕೇತನದ ಕಲಾಭವನ ಹೆಸರಾದ ಜಾಗಗಳು. ಅಲ್ಲಿಗೆ ಹೋಗಲಾಗದವರು ಕೈಚೆಲ್ಲಬೇಕಿಲ್ಲ. ಹತ್ತಿರದ ಕಾಲೇಜಿನಲ್ಲೇ ಇತಿಹಾಸ, ಕನ್ನಡ ಇರುವ ಬಿಎ ಮಾಡಿ ಎಂಎಗೆ ಪುರಾತತ್ವ ಅಥವಾ ಕಲಾ ಇತಿಹಾಸಕ್ಕೆ ಹೋಗುವ ದಾರಿ ಇದೆ. ಹೊಯ್ಸಳ ದೇವಾಲಯಗಳ ಬಗ್ಗೆ ದೊಡ್ಡ ಕೆಲಸ ಮಾಡಿದ ಷ. ಶೆಟ್ಟರ್ ಕೂಡ ಇತಿಹಾಸದ ಮೇಷ್ಟ್ರೇ. ಹಳಗನ್ನಡ ಶಾಸನ ಓದಲು ಬರುವ ಹರಿಹರದ ಹುಡುಗಿಗೆ ಈ ವಿಷಯದಲ್ಲಿ ದೆಹಲಿಯ ಓದುಗರಿಗಿಲ್ಲದ ಅನುಕೂಲವಿದೆ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಕೆಲಸದ ಮಾತು

ಇಲ್ಲಿ ಫಾರ್ವರ್ಡ್ ಅರ್ಧ ನಿಜ. ಬರೀ ಪದವಿ ಹಿಡಿದು ದಾವಣಗೆರೆಯಲ್ಲೇ ಕೆಲಸ ಹುಡುಕಿದರೆ ಕಷ್ಟ. ಮ್ಯೂಸಿಯಂ, ಗ್ಯಾಲರಿ, ಹರಾಜು ಸಂಸ್ಥೆ, ಪ್ರಕಾಶನ, ಪರಂಪರೆ ಸಂರಕ್ಷಣೆಯ ಕೆಲಸಗಳು ದೊಡ್ಡ ಊರುಗಳಲ್ಲಿವೆ, ಹೆಚ್ಚಿನವು ಎಂಎ ಕೇಳುತ್ತವೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದವರಿಗೆ ಯುಜಿಸಿ ನೆಟ್‌ನಲ್ಲಿ ದೃಶ್ಯಕಲೆ ಎಂಬ ವಿಷಯವಿದೆ, ಅದರೊಳಗೆ ಕಲಾ ಇತಿಹಾಸದ ಆಯ್ಕೆಯೂ ಇದೆ. ಪುರಾತತ್ವ ಇಲಾಖೆಯ ಹುದ್ದೆಗಳ ಅಧಿಸೂಚನೆಯಲ್ಲಿ ಯಾವ ಪದವಿಯ ಹೆಸರಿದೆ ಎಂದು ಓದಿಯೇ ಮುಂದಿನ ಕೋರ್ಸ್ ಆರಿಸಿ, ಇತಿಹಾಸ ಅಥವಾ ಪುರಾತತ್ವದ ಎಂಎ ಕೇಳುವುದೇ ಸಾಮಾನ್ಯ.

‘ಐಎಎಸ್‌ಗೆ ಇದೇ ಬೆಸ್ಟ್ ಸಬ್ಜೆಕ್ಟ್’ ಎಂಬ ಉಲ್ಟಾ ಫಾರ್ವರ್ಡನ್ನೂ ನಂಬಬೇಡಿ. ಯುಪಿಎಸ್‌ಸಿ ಮೇನ್ಸ್‌ನ ಮೊದಲ ಜಿಎಸ್ ಪೇಪರ್‌ನಲ್ಲಿ ಕಲೆ, ಸಾಹಿತ್ಯ, ವಾಸ್ತುಶಿಲ್ಪ ಇರುವುದು ನಿಜ. ಆದರೆ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕಲಾ ಇತಿಹಾಸ ಇಲ್ಲ.

ಸೇರುವ ಮುಂಚೆ ಕಾಲೇಜಿನ ಕಚೇರಿಯಲ್ಲಿ ಸಿಲಬಸ್ ಪ್ರತಿ ಕೇಳಿ ಪಡೆಯಿರಿ. ಮಾರ್ಕ್ಸ್ ಕಾರ್ಡಿನಲ್ಲಿ ಮುಖ್ಯ ವಿಷಯ ಎಂದು ಏನು ಅಚ್ಚಾಗುತ್ತದೆ, ಕಲಾ ಇತಿಹಾಸಕ್ಕೇ ಅಂತ ಕಾಯಂ ಅಧ್ಯಾಪಕರು ಎಷ್ಟು ಮಂದಿ, ವರ್ಷಕ್ಕೆ ಎಷ್ಟು ಸಲ ಗುಡಿ, ಮ್ಯೂಸಿಯಂಗಳಿಗೆ ಕರೆದೊಯ್ಯುತ್ತಾರೆ ಎಂದು ವಿಚಾರಿಸಿ. ಫೀಸು ಕಟ್ಟುವುದು ಆಮೇಲೆ.